ಎರಡು ಮುದಿ ನಾಯಿಗಳಿಗೆ ಒಂದೇ ಮನೆ

ಉತ್ತರ ಕನ್ನಡದಲ್ಲಿ ಮಕ್ಕಳೆಲ್ಲ ಬೆಂಗಳೂರು, ಪುಣೆ, ಗೋವಾ ಸೇರಿಕೊಂಡು ಹಿರಿಯರಷ್ಟೇ ಉಳಿದಿರುವ ಮನೆಗಳು ಕರಾವಳಿಯಲ್ಲೂ ಇವೆ, ಘಟ್ಟದ ಮೇಲೂ ಇವೆ. ಅಂಥ ಮನೆಗಳ ಜಗುಲಿಯಲ್ಲಿ ಒಂದೋ ಎರಡೋ ನಾಯಿಗಳು ಮಲಗಿರುತ್ತವೆ. ಮೀನುಪೇಟೆಯ ಬದಿಯಲ್ಲೋ ಹೆದ್ದಾರಿಯ ಅಂಚಿನಲ್ಲೋ ಮರಿಯಾಗಿದ್ದಾಗ ಸಿಕ್ಕಿ, ಮನೆಯವರು ಉಂಡಿದ್ದನ್ನೇ ಉಂಡು ಬೆಳೆದು, ಹತ್ತು ಹನ್ನೊಂದು ವರ್ಷ ಆ ಅಂಗಳ ಕಾದ ನಾಯಿಗಳು ಅವು. ಮನೆಯ ಹಿರಿಯರು ತೀರಿಕೊಂಡಾಗ, ಅಥವಾ ಮಕ್ಕಳ ಫ್ಲ್ಯಾಟಿಗೆ ಹೋಗಿ ನೆಲೆಸುವುದು ಅನಿವಾರ್ಯವಾದಾಗ, ತೋಟದ, ದನಗಳ, ದೇವರ ಪೂಜೆಯ ವ್ಯವಸ್ಥೆಯೆಲ್ಲ ಆದ ಮೇಲೆ ನಾಯಿಗಳ ಮಾತು ಬರುತ್ತದೆ. ವರ್ಗಾವಣೆಯ ನೌಕರಿಯಲ್ಲಿರುವ ಕುಟುಂಬಗಳು ಊರು ಬಿಡುವಾಗಲೂ ಇದೇ ಪ್ರಶ್ನೆ ಏಳುತ್ತದೆ. ಮರಿಯನ್ನು ಕೇಳಿಕೊಂಡು ಬರುವವರು ಹಲವರು. ಹತ್ತು ದಾಟಿದ ನಾಯಿಯನ್ನು ಕೇಳುವವರು ವಿರಳ. ಒಂದನ್ನೊಂದು ಬಿಟ್ಟಿರದ ಎರಡು ಮುದಿ ನಾಯಿಗಳನ್ನು ಒಟ್ಟಿಗೆ ಕರೆದೊಯ್ಯುವ ಮನೆಯನ್ನು ನಾವೇ ಹುಡುಕಿಕೊಂಡು ಹೋಗಬೇಕಾಗುತ್ತದೆ.

ಎರಡು ವರ್ಷಗಳ ಹಿಂದೆ ಅಂಕೋಲೆಯ ಸಮೀಪದ ಒಂದು ಮನೆಯ ಕಾಳು ಮತ್ತು ಬೆಳ್ಳಿ ಎಂಬ ನಾಯಿಗಳಿಗೆ ಮನೆ ಹುಡುಕುವ ಹೊಣೆ ನನ್ನ ಪಾಲಿಗೆ ಬಂತು. ಕಾಳುವಿಗೆ ಸುಮಾರು 11 ವರ್ಷ, ಬೆಳ್ಳಿಗೆ 9. ಸೊಂಟದ ಮೂಳೆ ಮುರಿದುಕೊಂಡಿದ್ದ ಮನೆಯ ಅಜ್ಜಿ ಹುಬ್ಬಳ್ಳಿಯಲ್ಲಿರುವ ಮಗಳ ಮನೆಗೆ ಹೊರಟಿದ್ದರು. ಅದು ಎರಡನೆಯ ಮಹಡಿಯ ಮನೆ. ‘ಒಂದನ್ನು ಬಿಟ್ಟು ಒಂದನ್ನು ಕೊಡಬೇಡ ತಂಗೀ, ಕೊಟ್ಟರೆ ಎರಡನ್ನೂ ಕೊಡು’ ಎಂದು ಅವರು ಹೇಳಿದ್ದರು. ಅವರ ಮಾತು ಸರಿಯಾಗಿತ್ತು. ಆದರೆ ಆ ಕೆಲಸ ಮುಗಿಯುವ ಹೊತ್ತಿಗೆ ನನಗೆ ಇನ್ನೊಂದು ಸಂಗತಿಯೂ ಅರ್ಥವಾಗಿತ್ತು: ಜೊತೆ ಮುರಿಯದಂತೆ ನೋಡಿಕೊಂಡರೆ ಕೆಲಸದ ಅರ್ಧ ಭಾಗ ಆದಂತೆ; ಉಳಿದರ್ಧ ಇರುವುದು ಆ ನಾಯಿಗಳಿಗೆ ಗುರುತಿರುವ ಮನುಷ್ಯರನ್ನು ಹೊಸ ಮನೆಯವರೆಗೆ ಹೇಗೆ ಜೊತೆಗೆ ಕರೆದೊಯ್ಯುತ್ತೇವೆ ಎಂಬುದರಲ್ಲಿ. ಈ ಎರಡನೆಯ ಭಾಗದ ಬಗ್ಗೆ ನಮ್ಮಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲವಾದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು, ಜೋಡಿ ಎಂದರೆ ಯಾವುದು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಒಟ್ಟಿಗೆ ಬೆಳೆದ ಮಾತ್ರಕ್ಕೆ ಎರಡು ನಾಯಿಗಳು ಜೋಡಿಯಾಗುವುದಿಲ್ಲ. ಒಂದೇ ತಾಯಿಯ ಮರಿಗಳು ಹತ್ತು ವರ್ಷ ಒಂದೇ ಅಂಗಳದಲ್ಲಿದ್ದೂ ಒಂದರ ಗೊಡವೆ ಇನ್ನೊಂದಕ್ಕಿಲ್ಲದಂತೆ ಬದುಕುವುದುಂಟು. ಮೂರು ವರ್ಷದ ಹಿಂದೆ ಬಂದು ಸೇರಿದ ನಾಯಿಯ ಬೆನ್ನಿಗೆ ಬೆನ್ನು ಒತ್ತಿಕೊಂಡಲ್ಲದೆ ಹಳೆಯ ನಾಯಿ ನಿದ್ದೆ ಮಾಡದಿರುವುದೂ ಉಂಟು. ಜಾಗ ಧಾರಾಳವಾಗಿದ್ದರೂ ಮೈಗೆ ಮೈ ತಾಗಿಸಿ ಮಲಗುವುದು, ನಡೆಯುವಾಗ ಮುಂದೆ ಹೋದದ್ದು ನಿಂತು ಹಿಂದಿನದಕ್ಕಾಗಿ ಕಾಯುವುದು, ಹೊರಗೆ ಹೋದದ್ದು ಮರಳಿದಾಗ ಇನ್ನೊಂದು ಮೂಸಿ ನೋಡಿ ಕೂಡಲೇ ಸಮಾಧಾನಗೊಳ್ಳುವುದು, ಪಟಾಕಿಗೋ ಗುಡುಗಿಗೋ ಹೆದರಿದಾಗ ಮತ್ತೊಂದರ ಬಳಿಗೇ ಓಡುವುದು ನಿಜವಾದ ನಂಟಿನ ಗುರುತುಗಳು.

ಇವುಗಳಂತೆಯೇ ಕಾಣುವ, ಆದರೆ ಬೇರೆಯೇ ಅರ್ಥವಿರುವ ನಡವಳಿಕೆಗಳೂ ಇವೆ. ಒಂದು ನಾಯಿ ಯಾವಾಗಲೂ ಬಾಗಿಲಿಗೂ ಇನ್ನೊಂದಕ್ಕೂ ನಡುವೆ ಮಲಗುತ್ತದೆ ಎಂದರೆ ಅದು ಕಾವಲು ಇರಬಹುದು, ತಡೆಯೂ ಇರಬಹುದು. ಒಂದು ಉಂಡು ಮುಗಿಸುವವರೆಗೆ ಇನ್ನೊಂದು ದೂರ ನಿಂತು ಕಾಯುತ್ತದೆ ಎಂದರೆ ಮನೆಯವರು ಅದನ್ನು ಮರ್ಯಾದೆ ಎಂದು ಮೆಚ್ಚಿಕೊಳ್ಳುತ್ತಾರೆ. ಹತ್ತಿರದಿಂದ ನೋಡಿದರೆ ಕಾಯುವ ನಾಯಿಯ ಬಾಲ ಹೊಟ್ಟೆಯ ಕೆಳಗೆ ಸೇರಿರುತ್ತದೆ. ಅಂಜಿಕೆಯನ್ನು ಅಕ್ಕರೆ ಎಂದುಕೊಂಡು ಅಂಥ ಎರಡು ನಾಯಿಗಳನ್ನು ಜೀವನದುದ್ದಕ್ಕೂ ಒಟ್ಟಿಗೆ ಕಟ್ಟಿಹಾಕುವುದು ದುರ್ಬಲ ನಾಯಿಗೆ ಮಾಡುವ ಅನ್ಯಾಯ. ಹೀಗಾಗಿ ಮನೆಯವರ ಮಾತನ್ನು ಗೌರವದಿಂದ ಕೇಳಿಸಿಕೊಂಡ ಮೇಲೂ ಪರೀಕ್ಷೆ ಮಾಡಿಯೇ ತೀರಬೇಕು.

ಪರೀಕ್ಷೆಗೆ ಮೂರು ನಾಲ್ಕು ದಿನ ಬೇಕು. ಮೊದಲ ದಿನ ಎರಡನ್ನೂ ಒಂದಕ್ಕೊಂದು ಕಾಣುವಷ್ಟು ದೂರದಲ್ಲಿ ಹತ್ತು ನಿಮಿಷ ಬೇರೆ ಇರಿಸಬೇಕು. ಮರುದಿನ ಒಂದನ್ನು ಕಣ್ಣಿಗೆ ಕಾಣದ ಕಡೆಗೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಕರೆದೊಯ್ಯಬೇಕು. ಆಮೇಲೆ ಅದಲುಬದಲು ಮಾಡಿ, ಉಳಿದದ್ದನ್ನು ಕರೆದೊಯ್ದು ಹೋಗಿದ್ದನ್ನು ಉಳಿಸಬೇಕು. ಇವೆರಡೂ ಸುಸೂತ್ರವಾಗಿ ನಡೆದರೆ ಮಾತ್ರ ಒಂದು ರಾತ್ರಿ ಬೇರೆ ಬೇರೆ ಮಲಗಿಸಿ ನೋಡಬಹುದು. ಉಂಡಿತೇ, ಜೊಲ್ಲು ಸುರಿಸಿತೇ, ಏದುಸಿರು ಬಿಟ್ಟಿತೇ, ಒಂದೇ ದಾರಿಯಲ್ಲಿ ಅತ್ತಿಂದಿತ್ತ ತಿರುಗಿತೇ, ಎಷ್ಟು ಹೊತ್ತಿಗೆ ಮಲಗಿತು ಎಂಬುದನ್ನೆಲ್ಲ ಬರೆದಿಡಬೇಕು. ಗೋಳಿಡುವುದೊಂದನ್ನೇ ಲೆಕ್ಕಕ್ಕೆ ಹಿಡಿದರೆ ಮೋಸಹೋಗುತ್ತೇವೆ, ಏಕೆಂದರೆ ಮುದಿ ನಾಯಿಗಳಲ್ಲಿ ಅನೇಕವು ಸಂಕಟವನ್ನು ಸದ್ದಿಲ್ಲದೆ ಅನುಭವಿಸುತ್ತವೆ.

ಬೆಳ್ಳಿಯ ವಿಷಯದಲ್ಲಿ ಆದದ್ದೂ ಅದೇ. ಎರಡನೆಯ ದಿನ ನಾನು ಕಾಳುವಿನ ಕೊರಳ ಪಟ್ಟಿಗೆ ಹಗ್ಗ ಹಾಕಿ ದಣಪೆ ದಾಟಿಸಿ ರಸ್ತೆಗೆ ಕರೆದೊಯ್ದೆ. ಅದು ನಿಶ್ಚಿಂತೆಯಿಂದ ನಡೆಯಿತು, ದಾರಿಯ ಪ್ರತಿಯೊಂದು ತೆಂಗಿನ ಬುಡವನ್ನೂ ಮೂಸಿತು, ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಅಂಗಳದಲ್ಲಿ ಉಳಿದ ಬೆಳ್ಳಿಯನ್ನು ನೋಡಿಕೊಳ್ಳಲು ನಿಂತಿದ್ದ ನನ್ನ ಜೊತೆಗಾರ್ತಿ ಆಮೇಲೆ ತೋರಿಸಿದ ವಿಡಿಯೋದಲ್ಲಿ ಬೇರೆಯೇ ಚಿತ್ರವಿತ್ತು. ಬೆಳ್ಳಿ ಕಾಳು ನಡೆದುಹೋದ ಹೆಜ್ಜೆಯ ಮೇಲೆಯೇ ಮೂಗು ಊರಿ ದಣಪೆಯವರೆಗೆ ಬಂದು, ಮುಂದಿನ ಒಂದು ಕಾಲನ್ನು ಅರ್ಧ ಎತ್ತಿ, ಹಾಗೆಯೇ ನಿಂತಿತ್ತು. ಬೊಗಳಲಿಲ್ಲ, ಊಳಿಡಲಿಲ್ಲ. ಎದುರಿಗೆ ಹಾಕಿದ ಬಿಸ್ಕತ್ತಿನ ಮೇಲೆ ಇರುವೆ ಮುತ್ತಿದರೂ ಮುಟ್ಟಲಿಲ್ಲ. ಸುಮಾರು 25 ನಿಮಿಷದ ಮೇಲೆ ಅದರ ಬಾಯಿಯಿಂದ ಜೊಲ್ಲು ಎಳೆಯಾಗಿ ಇಳಿಯತೊಡಗಿತು. ಆಗ ಅಜ್ಜಿ ವಾಕರ್ ಹಿಡಿದು ನಿಧಾನವಾಗಿ ಹೊರಗೆ ಬಂದು ಮೆಟ್ಟಿಲ ಪಕ್ಕದ ಕುರ್ಚಿಯಲ್ಲಿ ಕುಳಿತರು. ಬೆಳ್ಳಿ ವಾಕರಿನ ಸಪ್ಪಳಕ್ಕೆ ಕಿವಿ ತಿರುಗಿಸಿತು, ಬಂದು ಅವರ ಪಾದದ ಮೇಲೆ ಗದ್ದ ಇಟ್ಟಿತು, ಎರಡು ನಿಮಿಷದೊಳಗೆ ಮಲಗಿತು. ಕಾಳು ಇನ್ನೂ ಮರಳಿರಲಿಲ್ಲ.

ಈ ವಿಡಿಯೋವನ್ನು ನಾನು ಹಲವು ಸಲ ನೋಡಿದ್ದೇನೆ. ಅದರಿಂದ ತಿಳಿದದ್ದು ಎರಡು. ನಂಟು ಇಬ್ಬದಿಯಲ್ಲೂ ಸಮನಾಗಿರಲಿಲ್ಲ. ಕಾಳುವಿಲ್ಲದೆ ಬೆಳ್ಳಿ ಇರಲಾರದು, ಬೆಳ್ಳಿಯಿಲ್ಲದೆ ಕಾಳು ಇರಬಲ್ಲದು. ಹಾಗೆಯೇ, ಕಾಳುವಿಲ್ಲದ ಹೊತ್ತಿನಲ್ಲಿ ಬೆಳ್ಳಿಯನ್ನು ಸಂತೈಸುವ ಶಕ್ತಿ ಇದ್ದದ್ದು ಗುರುತಿರುವ ಮನುಷ್ಯರೊಬ್ಬರಿಗೆ.

ಇದಕ್ಕೆ ಹೊಂದುವ ಅಧ್ಯಯನವೊಂದು 1996ರಷ್ಟು ಹಿಂದೆಯೇ ನಡೆದಿದೆ. ವರ್ಷಗಟ್ಟಲೆ ಜೋಡಿಯಾಗಿ ಒಂದೇ ಗೂಡಿನಲ್ಲಿದ್ದ ವಯಸ್ಸಾದ ನಾಯಿಗಳನ್ನು ಅಮೆರಿಕದ ಸಂಶೋಧಕರು ಕೆಲವು ಗಂಟೆ ಬೇರ್ಪಡಿಸಿ, ಒತ್ತಡದ ಸಮಯದಲ್ಲಿ ರಕ್ತದಲ್ಲಿ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಅಳೆದರು. ತಮ್ಮದೇ ಗೂಡಿನಲ್ಲಿ ಒಂಟಿಯಾಗಿ ಬಿಟ್ಟಾಗ ಅದು ಗಮನಾರ್ಹವಾಗಿ ಏರಲಿಲ್ಲ. ಗುರುತಿಲ್ಲದ ಜಾಗಕ್ಕೆ ಒಯ್ದಾಗ ಏರಿತು, ಮತ್ತು ಜೊತೆಗಾರ ನಾಯಿ ಪಕ್ಕದಲ್ಲಿದ್ದರೂ ಏರಿತು. ತಮ್ಮನ್ನು ದಿನವೂ ನೋಡಿಕೊಳ್ಳುತ್ತಿದ್ದ ಮನುಷ್ಯ ಜೊತೆಯಲ್ಲಿ ಕುಳಿತಾಗ ಮಾತ್ರ ಆ ಏರಿಕೆ ಕಾಣಲಿಲ್ಲ. ಕೆಲವೇ ನಾಯಿಗಳ ಮೇಲೆ, ಕೆಲವೇ ಗಂಟೆಗಳ ಕಾಲ ನಡೆದ ಪರೀಕ್ಷೆಯಾದ್ದರಿಂದ ಜೋಡಿಗಳನ್ನು ಮುರಿದರೆ ತೊಂದರೆಯಿಲ್ಲ ಎಂಬ ಅರ್ಥವನ್ನು ಅದರಿಂದ ಹೊರಡಿಸುವಂತಿಲ್ಲ. ಜೊತೆಗಾರ ನಾಯಿ ಶಾಶ್ವತವಾಗಿ ಇಲ್ಲವಾದಾಗ ಏನಾಗುತ್ತದೆ ಎಂಬುದನ್ನು 2022ರಲ್ಲಿ ಇಟಲಿಯ ಸಂಶೋಧಕರು ಪ್ರಕಟಿಸಿದ ಸಮೀಕ್ಷೆಯಲ್ಲಿ ನೋಡಬಹುದು: ಎರಡೋ ಹೆಚ್ಚೋ ನಾಯಿಗಳಲ್ಲಿ ಒಂದನ್ನು ಕಳೆದುಕೊಂಡ 426 ಮಾಲೀಕರಲ್ಲಿ ಶೇಕಡಾ 86ರಷ್ಟು ಮಂದಿ ಉಳಿದ ನಾಯಿಯ ನಡವಳಿಕೆ ಬದಲಾಯಿತೆಂದು ಹೇಳಿದ್ದಾರೆ. ಆಟ ಕಡಿಮೆಯಾಗುವುದು, ಊಟ ಇಳಿಯುವುದು, ನಿದ್ದೆ ಹೆಚ್ಚುವುದು, ಮನುಷ್ಯರ ಬೆನ್ನು ಬಿಡದಿರುವುದು ಅವರು ಕಂಡ ಬದಲಾವಣೆಗಳು. ಎಷ್ಟು ವರ್ಷ ಒಟ್ಟಿಗಿದ್ದವು ಎನ್ನುವುದಕ್ಕಿಂತ ಅವುಗಳ ನಡುವಿನ ಸಂಬಂಧ ಎಂಥದ್ದಾಗಿತ್ತು ಎನ್ನುವುದೇ ಅಲ್ಲಿ ಹೆಚ್ಚು ಮುಖ್ಯವಾಗಿ ಕಂಡಿದೆ. ಎರಡೂ ಅಧ್ಯಯನಗಳನ್ನು ಜೊತೆಗಿಟ್ಟು ಓದಿದರೆ ನಮ್ಮ ಕೆಲಸಕ್ಕೆ ದಾರಿ ಸಿಗುತ್ತದೆ: ಜೋಡಿಯನ್ನು ಉಳಿಸಬೇಕು, ಆದರೆ ಒಂದಕ್ಕೊಂದು ಇದೆಯಲ್ಲ ಎಂದು ಎರಡನ್ನೂ ಒಂದೇ ದಿನ ಅಪರಿಚಿತರ ಅಂಗಳದಲ್ಲಿ ಇಳಿಸಿ ಬರಬಾರದು.

ಮನೆ ಹುಡುಕುವ ಮೊದಲು ಪಶುವೈದ್ಯರ ಬಳಿಗೆ ಹೋಗಬೇಕು. ಮುದಿ ನಾಯಿಯನ್ನು ಪಡೆಯುವವರಿಗೆ ಅದರ ಕಾಯಿಲೆಗಿಂತಲೂ ಮುಚ್ಚಿಟ್ಟ ಕಾಯಿಲೆಯ ಭಯ ದೊಡ್ಡದು. ಬೆಳ್ಳಿಯ ಕಣ್ಣುಗಳಲ್ಲಿ ನೀಲಿ ಬೆರೆತ ಬೂದು ಮಬ್ಬು ಇತ್ತು, ನೋಡಿದವರೆಲ್ಲ ಪೊರೆ ಬಂದಿದೆ, ಕುರುಡು ಎನ್ನುತ್ತಿದ್ದರು. ಏಳೆಂಟು ವರ್ಷ ದಾಟಿದ ನಾಯಿಗಳಲ್ಲಿ ಕಣ್ಣಿನ ಮಸೂರ ಗಟ್ಟಿಯಾಗುತ್ತ ಬಂದು ಹೀಗೆ ಮಬ್ಬಾಗಿ ಕಾಣುವುದು ಸಹಜ. ಅದರಿಂದ ದೃಷ್ಟಿ ಹೆಚ್ಚೇನೂ ಕೆಡುವುದಿಲ್ಲ. ನಿಜವಾದ ಪೊರೆ ಹಾಲಿನಂತೆ ಬೆಳ್ಳಗಿದ್ದು ಬೆಳಕನ್ನೇ ತಡೆಯುತ್ತದೆ. ವೈದ್ಯರು ಟಾರ್ಚ್ ಹಿಡಿದು ನೋಡಿ ಇವೆರಡನ್ನೂ ಬೇರ್ಪಡಿಸಿ ಹೇಳಬಲ್ಲರು. ಬೆಳ್ಳಿಗೆ ಇದ್ದದ್ದು ಮೊದಲನೆಯದು. ಆ ಒಂದು ಮಾತು ಬರಹದಲ್ಲಿ ಸಿಕ್ಕಿದ್ದರಿಂದ ‘ಕುರುಡು ನಾಯಿ’ ಎಂಬ ಹಣೆಪಟ್ಟಿ ಅದಕ್ಕೆ ತಪ್ಪಿತು.

ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡ ಮತ್ತು ಯಕೃತ್ತಿನ ಸ್ಥಿತಿಯ ಜೊತೆಗೆ ಉಣುಗಿನ ಜ್ವರವನ್ನೂ ನೋಡಿಸಬೇಕು. ಉಣುಗು ಕಚ್ಚುವುದರಿಂದ ಬರುವ ಎರ್ಲಿಕಿಯಾ, ಬಬೇಸಿಯಾ ಸೋಂಕುಗಳು ನಮ್ಮ ಕಡೆಯ ನಾಯಿಗಳಲ್ಲಿ ತಿಂಗಳುಗಟ್ಟಲೆ ಒಳಗೇ ಉಳಿದು, ಮನೆ ಬದಲಾದ ಒತ್ತಡದಲ್ಲಿ ಮೇಲೆದ್ದು ಬರಬಹುದು. ಆಗ ಹೊಸ ಮನೆಯವರು ನಾಯಿ ಕೊರಗುತ್ತಿದೆ ಎಂದುಕೊಂಡು ಚಿಕಿತ್ಸೆಯ ಹೊತ್ತನ್ನು ಕಳೆದುಬಿಡುತ್ತಾರೆ. ಸಂತಾನಹರಣ ಆಗಿರದ ಹೆಣ್ಣು ನಾಯಿಯಾದರೆ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯ ವಯಸ್ಸಿನೊಂದಿಗೆ ಹೆಚ್ಚುತ್ತದೆ. ಬೆದೆಗೆ ಬಂದು ಒಂದೆರಡು ತಿಂಗಳಾದ ಮೇಲೆ ವಿಪರೀತ ನೀರು ಕುಡಿಯುವುದು, ಊಟ ಬಿಡುವುದು ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಸಂಧಿನೋವು ಇದ್ದರೆ ಮನುಷ್ಯರ ನೋವಿನ ಮಾತ್ರೆ ಕೊಡಬಾರದು ಎಂಬುದನ್ನು ಹೊಸ ಮನೆಯವರಿಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಬರೆದೇ ಕೊಡಬೇಕು. ಐಬುಪ್ರೊಫೆನ್ ಮತ್ತು ಡಿಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತವೆ, ಪ್ಯಾರಸಿಟಮಾಲ್ ಯಕೃತ್ತಿಗೆ ಕೆಡುಕು. ರೇಬಿಸ್ ಲಸಿಕೆ, ಮಳೆಗಾಲದ ಇಲಿಜ್ವರಕ್ಕೂ ರಕ್ಷಣೆ ಕೊಡುವ ಸಂಯುಕ್ತ ಲಸಿಕೆ ಮತ್ತು ಜಂತುಹುಳದ ಔಷಧ ಆಗಿರಬೇಕೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ.

ಇನ್ನು ಮನೆಯ ಆಯ್ಕೆ. ನಮ್ಮ ಜಿಲ್ಲೆಯಲ್ಲಿ ಕರಾವಳಿಯ ನಾಯಿಯನ್ನು ಘಟ್ಟದ ಮೇಲಕ್ಕೆ ಕಳಿಸುವುದೆಂದರೆ ಅದರ ಲೋಕವನ್ನೇ ಬದಲಿಸಿದಂತೆ. ಕಾರವಾರ, ಅಂಕೋಲೆ, ಕುಮಟೆಯ ಕಡೆ ದಿನವೂ ಮೀನಿನ ತಲೆ, ಸಾರು ಕಲಸಿದ ಅನ್ನ ಉಂಡ ನಾಯಿ, ಮೀನು ಮೊಟ್ಟೆ ಒಳಗೆ ಬಾರದ ಶಿರಸಿ ಸೀಮೆಯ ಮನೆಗೆ ಹೋದರೆ ಅದರ ಬಟ್ಟಲಿಗೆ ಮಜ್ಜಿಗೆ ಅನ್ನ ಬೀಳುತ್ತದೆ. ಇದನ್ನು ಸಂಕೋಚಪಡದೆ ಮೊದಲ ಮಾತುಕತೆಯಲ್ಲೇ ಬಿಚ್ಚಿ ಮಾತಾಡಬೇಕು. ಮುದಿ ನಾಯಿಯ ಮಾಂಸಖಂಡ ಕರಗದಿರಲು ಒಳ್ಳೆಯ ಪ್ರೋಟೀನು ಬೇಕು. ಮಜ್ಜಿಗೆ ಅನ್ನವೊಂದರಿಂದಲೇ ಅದು ಸಿಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಒಣ ಆಹಾರವನ್ನು ಹೊರಗಿನ ಕೊಟ್ಟಿಗೆಯ ಬದಿಯಲ್ಲಿ ಇಟ್ಟು ಹಾಕಲು ಒಪ್ಪುವ ಮನೆಗಳಿವೆ, ಅಂಗಳದ ಒಲೆಯಲ್ಲಿ ನಾಯಿಗೆಂದೇ ಮೊಟ್ಟೆ ಬೇಯಿಸಲು ಬಿಡುವ ಮನೆಗಳೂ ಇವೆ. ಯಾವುದಕ್ಕೂ ಒಪ್ಪದವರಿಗೆ ನಾಯಿಯ ಮೇಲೆ ಪ್ರೀತಿ ಎಷ್ಟೇ ಇದ್ದರೂ ಕಾಯಿಲೆಯ ನಾಯಿಯನ್ನು ಅಲ್ಲಿಗೆ ಕಳಿಸುವುದು ತರವಲ್ಲ ಎಂದು ನನ್ನ ಅಭಿಪ್ರಾಯ. ಕರಾವಳಿಯ ಊಟದಲ್ಲೂ ತೊಂದರೆಗಳಿಲ್ಲದಿಲ್ಲ. ಈರುಳ್ಳಿ ಹಾಕಿದ ಸಾರು ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ, ಒಣಮೀನಿನ ಉಪ್ಪು ಹೃದಯ, ಮೂತ್ರಪಿಂಡಗಳಿಗೆ ಭಾರ. ಯಾವ ಊಟಕ್ಕೆ ಹೋಗುವುದಾದರೂ ಹಳೆಯದಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತ ವಾರ, ಹತ್ತು ದಿನದಲ್ಲಿ ಬದಲಿಸಬೇಕು. ಈ ಬದಲಾವಣೆಯನ್ನು ಹಳೆಯ ಮನೆಯಲ್ಲಿರುವಾಗಲೇ ಶುರುಮಾಡಿದರೆ ಹೊಸ ಜಾಗದಲ್ಲಿ ಭೇದಿಯ ಕಾಟ ತಪ್ಪುತ್ತದೆ.

ಅಡಿಕೆ ತೋಟದ ಮನೆಗಳಲ್ಲಿ ನೋಡಬೇಕಾದ ಬೇರೆ ಸಂಗತಿಗಳಿವೆ. ಕೊಳೆರೋಗಕ್ಕೆ ಮದ್ದು ಹೊಡೆಯುವ ಕಾಲದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಡ್ರಮ್ಮುಗಳಲ್ಲಿ ನಿಂತಿರುತ್ತದೆ, ಸುತ್ತಲಿನ ಹೊಂಡಗಳಲ್ಲಿ ನೀಲಿ ನೀರು ಮಡುಗಟ್ಟಿರುತ್ತದೆ. ಹುಟ್ಟಿನಿಂದ ತೋಟದಲ್ಲಿರುವ ನಾಯಿ ಆ ನೀರಿನಿಂದ ದೂರವಿರುವುದನ್ನು ಕಲಿತಿರಬಹುದು. ಸಮುದ್ರದ ಬದಿಯಿಂದ ಬಂದ, ಬಾಯಾರಿದ ಮುದಿ ನಾಯಿಗೆ ಅದು ಬರಿಯ ನೀರು. ತಾಮ್ರದ ಈ ಲವಣ ಹೊಟ್ಟೆಗೆ ಹೋದರೆ ವಾಂತಿಭೇದಿಯಾಗಿ ಯಕೃತ್ತು ಕೆಡುತ್ತದೆ. ಬೆಟ್ಟದಂಚಿನ ಮನೆಗಳಲ್ಲಿ ರಾತ್ರಿ ಚಿರತೆಯ ಭಯವಿದೆ. ನಮ್ಮಲ್ಲಿ ಹಗಲು ಕಟ್ಟಿ ರಾತ್ರಿ ಬಿಡುವ ರೂಢಿಯಿದೆ, ಕಿವಿ ಮಂದವಾದ ನಾಯಿಗೆ ಇದಕ್ಕಿಂತ ಅಪಾಯಕಾರಿಯಾದ ಏರ್ಪಾಡು ಇನ್ನೊಂದಿಲ್ಲ. ರಾತ್ರಿ ಒಳಗೆ, ಕನಿಷ್ಠ ಪಕ್ಷ ಬಾಗಿಲಿರುವ ಕೊಟ್ಟಿಗೆಯಲ್ಲಿ ಮಲಗಿಸುವವರಿಗೆ ಮಾತ್ರ ಕೊಡಬೇಕು. ಕಾಡುಹಂದಿಗೆ ಹಾಕುವ ಉರುಳುಗಳಿಗೆ ನಾಯಿಗಳು ಸಿಕ್ಕಿಕೊಳ್ಳುವುದನ್ನೂ ನೆನಪಿಡಬೇಕು.

ಸಿದ್ದಾಪುರದ ಕಡೆಯವರಿಗೆ ಉಣುಗಿನ ಮಾತೆತ್ತಿದರೆ ಮಂಗನ ಕಾಯಿಲೆ ನೆನಪಾಗುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಆ ವೈರಸ್ ಕಾಡಿನ ಉಣುಗಿನಿಂದ ಮನುಷ್ಯರಿಗೆ ಬರುತ್ತದೆ. ಬೆಟ್ಟ ತಿರುಗಿದ ನಾಯಿಯ ಮೈಮೇಲೆ ಉಣುಗು ಅಂಗಳಕ್ಕೆ ಬಂದೀತೆಂಬ ಅವರ ಆತಂಕವನ್ನು ಹಗುರವಾಗಿ ಕಾಣದೆ, ಉಣುಗಿನ ಹನಿ ಔಷಧವನ್ನೋ ಮಾತ್ರೆಯನ್ನೋ ಕೊಟ್ಟ ದಿನಾಂಕವನ್ನು ಬರೆದುಕೊಡಬೇಕು, ಮುಂದಿನದು ಯಾವಾಗ ಎಂಬುದನ್ನೂ ತಿಳಿಸಬೇಕು. ದನಗಳಿಗೆ ಹಚ್ಚುವ ಔಷಧವನ್ನು ಅಂದಾಜಿನಲ್ಲಿ ನಾಯಿಗೆ ಹಚ್ಚುವುದನ್ನು ನಾನು ಕಂಡಿದ್ದೇನೆ. ಅದು ಪ್ರಾಣಕ್ಕೆ ಕುತ್ತು.

ಮನೆಯ ಒಳಗೆ ನೋಡಬೇಕಾದದ್ದು ನೆಲ. ನುಣುಪಾದ ಟೈಲ್ಸ್ ನೆಲದಲ್ಲಿ ಸಂಧಿನೋವಿನ ನಾಯಿಯ ಹಿಂಗಾಲು ಅಗಲಕ್ಕೆ ಜಾರುತ್ತದೆ, ಒಮ್ಮೆ ಬಿದ್ದ ನಾಯಿ ಆಮೇಲೆ ಏಳಲು ಅಂಜುತ್ತದೆ. ಮಲಗುವ ಜಾಗದಿಂದ ಬಾಗಿಲಿನವರೆಗೆ ಗೋಣಿತಾಟು ಹಾಸಿದರೂ ಸಾಕು, ದೊಡ್ಡ ಖರ್ಚಿಲ್ಲದೆ ಪರಿಹಾರವಾಗುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸಿನಲ್ಲಿ ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ, ಘಟ್ಟದ ಮೇಲೂ ಅಂಗಳಕ್ಕೆ ಕಾಲಿಡುವಂತಿರುವುದಿಲ್ಲ. ಹೊಸ ಜಾಗದ ವಾಸನೆ, ದಾರಿ ಏನೂ ಗುರುತಾಗದ ನಾಯಿಗೆ ಆ ಹೊತ್ತಿನಲ್ಲಿ ಮನೆ ಬದಲಿಸುವುದು ಕಷ್ಟದ ಮೇಲೆ ಕಷ್ಟ. ತೀರ ಅನಿವಾರ್ಯವಲ್ಲದಿದ್ದರೆ ದೀಪಾವಳಿಯ ಪಟಾಕಿಯ ಗದ್ದಲ ಮುಗಿದ ಮೇಲೆ, ಚಳಿಗಾಲದಲ್ಲಿ ಕಳಿಸುವುದು ಒಳ್ಳೆಯದು.

ಕಾನೂನಿನ ಮಾತು ಸ್ವಲ್ಪ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆದು ಹೋಗುವುದು ಅಪರಾಧ. ತೀರ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟಿಹಾಕುವುದೂ ಅದೇ ಕಲಮಿನಡಿ ಅಪರಾಧ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಸಾಕುನಾಯಿಯ ಲಸಿಕೆ, ಸಂತಾನಹರಣದ ಹೊಣೆಯನ್ನು ಅದರ ಮಾಲೀಕರ ಮೇಲೆ ಇರಿಸುತ್ತವೆ. ಕಾರವಾರ, ಶಿರಸಿಯಂಥ ನಗರಸಭೆಯ ವ್ಯಾಪ್ತಿಗೆ ನಾಯಿ ಹೋಗುವುದಾದರೆ ಅಲ್ಲಿನ ಪರವಾನಗಿಯ ನಿಯಮವನ್ನು ವಿಚಾರಿಸಿಕೊಳ್ಳಬೇಕು. ಇವುಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಎರಡೂ ಕಡೆಯವರು ಸಹಿ ಮಾಡಿದ ಒಂದು ಪುಟದ ಒಪ್ಪಂದ. ಎರಡರಲ್ಲಿ ಒಂದನ್ನು ಬೇರೆಯವರಿಗೆ ಕೊಡುವಂತಿಲ್ಲ, ಇಟ್ಟುಕೊಳ್ಳಲಾಗದಿದ್ದರೆ ಎರಡನ್ನೂ ನಮಗೇ ಮರಳಿಸಬೇಕು, ಔಷಧದ ಖರ್ಚು ಯಾರದು ಎಂಬ ಮೂರು ಮಾತು ಅದರಲ್ಲಿ ಇರಲೇಬೇಕು. ಕೊನೆಯದನ್ನು ಬಾಯಿಬಿಟ್ಟು ಕೇಳಲು ನಮ್ಮವರು ಹಿಂಜರಿಯುತ್ತಾರೆ. ಅಜ್ಜಿಯ ಮಗಳು ಕಾಳುವಿನ ಮೂತ್ರಪಿಂಡದ ಔಷಧದ ಹಣವನ್ನು ತಾನೇ ಕಳಿಸುತ್ತೇನೆ ಎಂದು ಬರೆದುಕೊಟ್ಟದ್ದರಿಂದಲೇ ಶಿರಸಿ ಕಡೆಯ ಒಂದು ಮನೆಯವರು ಎರಡಕ್ಕೂ ಒಪ್ಪಿದರು.

ಸಾಗಿಸುವ ದಿನಕ್ಕೆ ಮೊದಲೇ ಪರಿಚಯದ ಕೆಲಸ ಮುಗಿದಿರಬೇಕು. ಹೊಸ ಮನೆಯ ಯಜಮಾನರು ಎರಡು ಭಾನುವಾರ ಅಂಕೋಲೆಗೆ ಇಳಿದು ಬಂದು, ಅಜ್ಜಿಯ ಪಕ್ಕದಲ್ಲಿ ಕುಳಿತು, ತಾವೇ ನಾಯಿಗಳಿಗೆ ಊಟ ಹಾಕಿದರು. ಮೊದಲ ಸಲ ಬೆಳ್ಳಿ ಅವರ ಕೈಯಿಂದ ಏನನ್ನೂ ತಿನ್ನಲಿಲ್ಲ. ಎರಡನೆಯ ಸಲ, ಕಾಳು ತಿಂದದ್ದನ್ನು ನೋಡಿ, ಕತ್ತು ಚಾಚಿ ತೆಗೆದುಕೊಂಡಿತು. ಅಜ್ಜಿ ಉಟ್ಟು ಬಿಟ್ಟ ಒಂದು ಸೀರೆಯನ್ನು ಒಗೆಯದೆ ಚೀಲದಲ್ಲಿ ಕಟ್ಟಿಟ್ಟುಕೊಂಡೆವು. ಹೊರಡುವ ದಿನ ಐದಾರು ಗಂಟೆ ಮೊದಲೇ ಊಟ ನಿಲ್ಲಿಸಿದ್ದೆವು, ಏಕೆಂದರೆ ದೇವಿಮನೆ ಘಟ್ಟದ ತಿರುವುಗಳಲ್ಲಿ ಮನುಷ್ಯರಿಗೇ ಹೊಟ್ಟೆ ತೊಳಸುತ್ತದೆ. ಎರಡೂ ಒಂದಕ್ಕೊಂದು ತಾಗಿ ಕುಳಿತುಕೊಳ್ಳುವಂತೆ ಕಾರಿನ ಹಿಂದಿನ ಸೀಟಿನ ಮೇಲೆ ಕಂಬಳಿ ಹಾಸಿ, ನಾನು ಪಕ್ಕದಲ್ಲಿ ಕುಳಿತೆ. ಅಜ್ಜಿ ಮುಂದಿನ ಸೀಟಿನಲ್ಲಿದ್ದರು. ಸೊಂಟದ ನೋವಿದ್ದರೂ ಬರುತ್ತೇನೆ ಎಂದು ಹಟ ಹಿಡಿದವರು ಅವರೇ, ಮತ್ತು ಅವರು ಬಂದದ್ದು ನಾವು ಮಾಡಿದ ಉಳಿದೆಲ್ಲ ಸಿದ್ಧತೆಗಿಂತ ಹೆಚ್ಚಿನದಾಯಿತು. ಎರಡು ರಾತ್ರಿ ಅವರು ಆ ಮನೆಯಲ್ಲೇ ಉಳಿದರು. ನಾಯಿಗಳು ಮೊದಲ ಬಾರಿಗೆ ಆ ಜಗುಲಿಯಲ್ಲಿ ಮಲಗಿದ್ದು ಅವರ ಕುರ್ಚಿಯ ಬುಡದಲ್ಲಿ. ಮೂರನೆಯ ದಿನ ಅವರು ಹೊರಟಾಗ ಕುರ್ಚಿಯೂ ಸೀರೆಯೂ ಅಲ್ಲೇ ಉಳಿದವು, ಆ ಕುರ್ಚಿಯಲ್ಲಿ ಯಜಮಾನರು ಕುಳಿತರು.

ಇಂಥ ಅನುಕೂಲ ಎಲ್ಲರಿಗೂ ಸಿಗುವುದಿಲ್ಲ. ಮನೆಯ ಹಿರಿಯರು ತೀರಿಕೊಂಡಿದ್ದರೆ ದಿನವೂ ಅನ್ನ ಹಾಕುತ್ತಿದ್ದ ಕೆಲಸದವರೋ ಪಕ್ಕದ ಮನೆಯವರೋ ಆ ಜಾಗವನ್ನು ತುಂಬಬಲ್ಲರು. ಯಾರೂ ಇಲ್ಲವೆಂದಾದರೆ ಮಧ್ಯೆ ನಿಂತಿರುವ ನಾವೇ ಎರಡು ಮೂರು ವಾರ ನಾಯಿಗಳ ಜೊತೆ ದಿನವೂ ಕಾಲ ಕಳೆದು ಗುರುತಿನವರಾಗಬೇಕು, ಆಮೇಲೆ ಕಳಿಸಬೇಕು. ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಲೆಕ್ಕವನ್ನು ನಾಯಿ ಸಾಕುವವರು ಹೇಳುತ್ತಾರೆ: ಮೂರು ದಿನ ಬೆದರಿಕೆ ಇಳಿಯಲು, ಮೂರು ವಾರ ಮನೆಯ ರೂಢಿ ಹಿಡಿಯಲು, ಮೂರು ತಿಂಗಳು ಮನೆ ತನ್ನದೆನಿಸಲು. ಇದು ಅನುಭವದ ಅಂದಾಜು, ಮುದಿ ನಾಯಿಗಳಿಗೆ ಇನ್ನೂ ಹೆಚ್ಚು ಹಿಡಿಯಬಹುದು. ಆ ದಿನಗಳಲ್ಲಿ ಬಟ್ಟಲುಗಳು ಬೇರೆ ಬೇರೆಯಾಗಿರಲಿ, ಎಷ್ಟೇ ಅನ್ಯೋನ್ಯವಾದ ಜೋಡಿಯಾದರೂ ಒತ್ತಡದಲ್ಲಿ ಊಟಕ್ಕಾಗಿ ಕಚ್ಚಾಡಬಹುದು. ಅಂಗಳಕ್ಕೆ ಬಿಡುವಾಗಲೂ ಹಗ್ಗ ಹಿಡಿದಿರಲಿ, ಕೊರಳ ಪಟ್ಟಿಯ ಮೇಲೆ ಫೋನ್ ನಂಬರು ಇರಲಿ. ಸ್ನಾನ ಮಾಡಿಸುವ ಅವಸರ ಬೇಡ. ಎರಡರ ಮೈಮೇಲಿನ ಹಳೆಯ ವಾಸನೆಯೇ ಅಲ್ಲಿ ಅವುಗಳಿಗಿರುವ ಏಕೈಕ ಪರಿಚಿತ ವಸ್ತು.

ಬೇರ್ಪಡಿಸುವುದೇ ಸರಿ ಎನಿಸುವ ಸಂದರ್ಭಗಳೂ ಇವೆ. ಒಂದು ಇನ್ನೊಂದನ್ನು ಗಾಯವಾಗುವಂತೆ ಕಚ್ಚುತ್ತಿದ್ದರೆ, ಪರೀಕ್ಷೆಯಲ್ಲಿ ಎರಡೂ ಒಂಟಿಯಾಗಿ ಉಂಡು ಮಲಗಿದರೆ, ಜೋಡಿ ಎಂಬ ಹೆಸರಿಗೆ ಕಟ್ಟುಬಿದ್ದು ತಿಂಗಳುಗಟ್ಟಲೆ ಗೂಡಿನಲ್ಲಿ ಕೂಡಿಹಾಕಬಾರದು. ಒಂದೇ ಕೇರಿಯ ಎರಡು ಮನೆಗಳಿಗೆ ಒಂದೊಂದನ್ನು ಕೊಟ್ಟು, ಸಂಜೆ ಒಟ್ಟಿಗೆ ತಿರುಗಾಡಿಸುವ ಏರ್ಪಾಡು ನನಗೆ ಗೊತ್ತಿರುವ ಒಂದು ಜೋಡಿಗೆ ಚೆನ್ನಾಗಿ ಒಗ್ಗಿದೆ.

ಮುದಿ ಜೋಡಿಯನ್ನು ಪಡೆಯುವವರು ಮೊದಲೇ ಕೇಳುವ, ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಒಂದು ಸತ್ತರೆ ಇನ್ನೊಂದರ ಗತಿ ಏನು? ಅದಕ್ಕೆ ತಯಾರಿ ಜೋಡಿ ಬದುಕಿರುವಾಗಲೇ ಆಗಬೇಕು. ದಿನಕ್ಕೊಮ್ಮೆ ಹತ್ತು ನಿಮಿಷವಾದರೂ ಪ್ರತಿಯೊಂದನ್ನೂ ಬೇರೆಯಾಗಿ ತಿರುಗಾಡಿಸಿ, ಬೇರೆಯಾಗಿ ಮುದ್ದಿಸಿ, ಮನುಷ್ಯರ ನಂಟನ್ನು ಗಟ್ಟಿಮಾಡಬೇಕು. ಕಾಳು ಎರಡನೆಯ ಮಳೆಗಾಲದಲ್ಲಿ, ಮೂತ್ರಪಿಂಡ ಸೋತು ತೀರಿಕೊಂಡಿತು. ಹೂಳುವ ಮೊದಲು ಬೆಳ್ಳಿಯನ್ನು ಹತ್ತಿರ ಬಿಟ್ಟರು. ಅದು ಒಮ್ಮೆ ಮೂಸಿ, ಪಕ್ಕದಲ್ಲಿ ಸ್ವಲ್ಪ ಹೊತ್ತು ಮಲಗಿ, ತಾನಾಗಿಯೇ ಎದ್ದು ಬಂತು. ಮೂರು ವಾರ ಅರ್ಧ ಊಟ ಮಾಡಿತು. ಜೊತೆಗೆ ಮರಿಯೊಂದನ್ನು ತರೋಣವೇ ಎಂದು ಯಜಮಾನರು ಫೋನ್ ಮಾಡಿದಾಗ ಬೇಡವೆಂದೆ, ಕೊರಗಿನಲ್ಲಿರುವ ಮುದಿ ನಾಯಿಗೆ ಮರಿಯ ತುಂಟಾಟ ಹಿಂಸೆ. ಊಟದ ಹೊತ್ತು, ತಿರುಗಾಟದ ದಾರಿ ಯಾವುದನ್ನೂ ಬದಲಿಸದೆ, ಅವರು ಮಾತ್ರ ದಿನಕ್ಕೆ ಒಂದು ಗಂಟೆ ಹೆಚ್ಚು ಹೊತ್ತು ಜಗುಲಿಯ ಆ ಕುರ್ಚಿಯಲ್ಲಿ ಕುಳಿತರು. ಈ ಸಲ ಅಡಿಕೆ ಸುಲಿಯುವ ಹೊತ್ತಿಗೆ ನಾನು ಅಲ್ಲಿಗೆ ಹೋಗಿದ್ದೆ. ಬೆಳ್ಳಿ ಸಿಪ್ಪೆಯ ರಾಶಿಯ ಬದಿಯಲ್ಲಿ, ಯಜಮಾನರ ಪಾದದ ಮೇಲೆ ಗದ್ದ ಇಟ್ಟು ಮಲಗಿತ್ತು.